ನೆರವು ಹೊತ್ತ ವಿಮಾನಗಳು: ಒಡೆತನ, ಬಾಡಿಗೆ, ಹೊಣೆ

ದಾನದ ವಿಷಯವಾಗಿ ಬರೆಯುವವರು ಸಾಮಾನ್ಯವಾಗಿ ಕೊಡುವವನ ಮನಸ್ಸನ್ನೂ ಪಡೆಯುವವನ ಹಸಿವನ್ನೂ ವರ್ಣಿಸುತ್ತಾರೆ. ಅವೆರಡರ ನಡುವೆ ಇರುವ ದಾರಿಯನ್ನು ಗಮನಿಸುವವರು ವಿರಳ. ಆದರೆ ಒಂದೆಡೆ ಧಾನ್ಯದ ರಾಶಿ ಇದ್ದರೂ ಇನ್ನೊಂದೆಡೆ ಜನರು ಅನ್ನವಿಲ್ಲದೆ ಸತ್ತ ಪ್ರಸಂಗಗಳು ಚರಿತ್ರೆಯಲ್ಲಿ ಕಡಿಮೆಯೇನಲ್ಲ. 1876ರಿಂದ 1878ರವರೆಗಿನ ಮಹಾ ಬರಗಾಲದಲ್ಲಿ ಇಂದಿನ ವಿಜಯಪುರ ಸೀಮೆಯು ಕಲಾದಗಿ ಜಿಲ್ಲೆಗೆ ಸೇರಿತ್ತು. ಆ ಕಾಲಕ್ಕೆ ಈ ಭಾಗಕ್ಕೆ ರೈಲು ಇರಲಿಲ್ಲ. ಹೊರಗಿನಿಂದ ಬರಬೇಕಾದ ಕಾಳು ಎತ್ತಿನ ಬಂಡಿಯನ್ನೇ ನಂಬಬೇಕಾಗಿತ್ತು. ಮೇವು ನೀರಿಲ್ಲದೆ ಎತ್ತುಗಳೇ ಬಿದ್ದ ಮೇಲೆ ಬಂಡಿಯೂ ನಿಂತಿತು. ಆ ಅನುಭವದಿಂದ ಕಲಿತ ಸರಕಾರ, ಬರನಿವಾರಣೆಯನ್ನೂ ಉದ್ದೇಶವಾಗಿಟ್ಟುಕೊಂಡು ಹೋಟಗಿಯಿಂದ ಗದಗದವರೆಗೆ ರೈಲು ಹಾದಿಯನ್ನು ಹಾಕಿಸಿತು. 1884ರಲ್ಲಿ ಆಗಿನ ಬಿಜಾಪುರಕ್ಕೆ ರೈಲು ಬಂದಿತು.

ಅದಾದ ನೂರಿಪ್ಪತ್ತೈದು ವರ್ಷಗಳ ಮೇಲೆ, 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ, ಬರಕ್ಕೆ ಹೆಸರಾದ ಇದೇ ಸೀಮೆಗೆ ನೆರೆ ಬಂದಿತು. ಕೃಷ್ಣೆ, ಭೀಮೆ, ಡೋಣಿ ಉಕ್ಕಿದವು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ರಸ್ತೆ ಕಡಿದುಹೋದ ಕಡೆಗಳಲ್ಲಿ ವಾಯುಪಡೆಯ ಹೆಲಿಕಾಪ್ಟರ್‌ಗಳು ಆಹಾರದ ಪೊಟ್ಟಣಗಳನ್ನು ಇಳಿಸಿದವು, ನೀರಿನ ನಡುವೆ ಸಿಕ್ಕವರನ್ನು ಎತ್ತಿಕೊಂಡವು. ಮಾಳಿಗೆಯ ಮೇಲೆ ನಿಂತು ಆಕಾಶ ನೋಡುವವನಿಗೆ ಆ ಯಂತ್ರ ಯಾರದು, ಅದರ ಇಂಧನದ ಖರ್ಚು ಯಾರದು ಎಂಬ ಪ್ರಶ್ನೆ ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಸ್ವಂತ ದೇಶದ ವಿಮಾನ ಸ್ವಂತ ದೇಶದ ಪ್ರಜೆಯನ್ನು ಕಾಯುವುದು ಕರ್ತವ್ಯ. ಆದರೆ ಒಂದು ದೇಶದ ಜನರ ಕಷ್ಟಕ್ಕೆ ಬೇರೆ ದೇಶಗಳು ಕೂಡಿ ವಿಮಾನ ಕಳಿಸಬೇಕಾದಾಗ, ಪರಸ್ಪರ ಬಡಿದಾಡುವವರ ನಡುವೆ ನಿಲ್ಲಲು ಶಾಂತಿಯ ಸೇನೆ ಹೋಗಬೇಕಾದಾಗ, ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ವಿಮಾನ ಯಾರದು? ಬಾಡಿಗೆ ಎಷ್ಟು? ಹಾರಲು ಅಪ್ಪಣೆ ಕೊಡುವವರಾರು? ಅದು ನಿನ್ನೆ ಏನನ್ನು ಹೊತ್ತಿತ್ತು? ಈ ಪ್ರಶ್ನೆಗಳ ಇತಿಹಾಸದಲ್ಲಿ ಕರ್ನಾಟಕದ ಪಾತ್ರವೂ ಇದೆ.

ಸ್ವಂತ ರೆಕ್ಕೆ ಇಲ್ಲದ ಸಂಸ್ಥೆ

ವಿಶ್ವಸಂಸ್ಥೆಗೆ ತನ್ನದೇ ಆದ ಸೈನ್ಯವಿಲ್ಲ, ವಾಯುಪಡೆಯೂ ಇಲ್ಲ. 1945ರಲ್ಲಿ ಅದರ ಸನ್ನದನ್ನು ರಚಿಸಿದವರು ಇದನ್ನು ಯೋಚಿಸದೆ ಬಿಟ್ಟಿರಲಿಲ್ಲ. ತುರ್ತು ಕಾರ್ಯಾಚರಣೆಗೆಂದು ಸದಸ್ಯ ರಾಷ್ಟ್ರಗಳು ತಮ್ಮ ವಾಯುಪಡೆಯ ತುಕಡಿಗಳನ್ನು ಸದಾ ಸಿದ್ಧವಾಗಿಡಬೇಕೆಂದು ಸನ್ನದಿನ 45ನೆಯ ವಿಧಿ ಹೇಳುತ್ತದೆ. ಆದರೆ ಬಲಾಢ್ಯ ರಾಷ್ಟ್ರಗಳ ನಡುವೆ ಶೀತಲ ಸಮರ ಆರಂಭವಾದುದರಿಂದ ಆ ವಿಧಿ ಕಾಗದದ ಮೇಲೆಯೇ ಉಳಿಯಿತು. ಅಂದಿನಿಂದ ಇಂದಿನವರೆಗೆ ಈ ಸಂಸ್ಥೆ ಬೇಕಾದಾಗಲೆಲ್ಲ ವಿಮಾನವನ್ನು ಕೇಳಿ ಪಡೆಯುತ್ತದೆ ಇಲ್ಲವೆ ಬಾಡಿಗೆಗೆ ಹಿಡಿಯುತ್ತದೆ.

ಕೇಳಿ ಪಡೆದ ವಿಮಾನಗಳ ಒಂದು ಹಳೆಯ ಪ್ರಸಂಗದಲ್ಲಿ ಮುಖ್ಯ ವ್ಯಕ್ತಿ ಕೊಡಗಿನವರು. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮವಾಯಿತು. ತಮ್ಮ ದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳು ಒಂದು ಕಡೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು, ಇನ್ನೊಂದು ಕಡೆ 359 ಜನ ಇದ್ದರು. ಅವರ ಇಚ್ಛೆಯನ್ನು ತಿಳಿಯುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾದರು. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ನಮ್ಮ ನೆರೆಯ ಕೊಲ್ಹಾಪುರ ಸೀಮೆಯ ಮೇಜರ್ ಜನರಲ್ ಎಸ್. ಪಿ. ಪಿ. ಥೋರಾತ್ ಅವರು ನಾಯಕರಾದರು.

ಸುಮಾರು ಆರು ಸಾವಿರ ಸೈನಿಕರು ಹಡಗಿನಲ್ಲಿ ಇಂಚಾನ್ ಬಂದರಿನ ಬಳಿಗೆ ಬಂದಾಗ ವಿಚಿತ್ರ ತೊಡಕು ಎದುರಾಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ, ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು. ಕೈದಿಗಳಿದ್ದ ನಿಸ್ಸೈನಿಕ ವಲಯಕ್ಕೆ ಆ ನೆಲವನ್ನು ದಾಟದೆ ದಾರಿಯಿಲ್ಲ. ಕೊನೆಗೆ ಅಮೆರಿಕದ ಹೆಲಿಕಾಪ್ಟರ್‌ಗಳು ಸೈನಿಕರನ್ನು ಹಡಗಿನ ಮೇಲಿಂದಲೇ ಎತ್ತಿಕೊಂಡು, ದಕ್ಷಿಣ ಕೊರಿಯಾದ ನೆಲಕ್ಕೆ ಇಳಿಸದೆ, ನೇರವಾಗಿ ಆ ವಲಯಕ್ಕೆ ಮುಟ್ಟಿಸಿದವು. ಹೆಲಿಕಾಪ್ಟರ್ ಎಂಬ ವಾಹನ ಆಗಿನ್ನೂ ಹೊಸದು. ಅಷ್ಟು ದೊಡ್ಡ ಸಂಖ್ಯೆಯ ಶಾಂತಿಸೈನಿಕರನ್ನು ಹೀಗೆ ಸಾಗಿಸಿದ್ದು ಅಪೂರ್ವವಾದ ಸಂಗತಿ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ತಟಸ್ಥ ದೇಶದ ಪಡೆಯು ಯುದ್ಧದಲ್ಲಿ ಒಂದು ಪಕ್ಷವಾಗಿದ್ದ ದೇಶದ ವಾಹನದಲ್ಲಿ ಸಾಗಬೇಕಾಯಿತು. ವಾಹನ ಪರರದಾದರೂ ತಮ್ಮ ತೀರ್ಮಾನ ಪರರದಾಗದಂತೆ ತಿಮ್ಮಯ್ಯನವರ ಆಯೋಗ ಎಚ್ಚರ ವಹಿಸಬೇಕಾಗಿತ್ತು. ಎರಡೂ ಪಕ್ಷಗಳಿಂದ ಟೀಕೆ ಕೇಳಿಸಿಕೊಂಡೂ ಆ ಪಡೆ 1954ರ ಫೆಬ್ರವರಿಯಲ್ಲಿ ಕೆಲಸ ಮುಗಿಸಿ ಮರಳಿತು.

1956ರಲ್ಲಿ ಸೂಯೆಜ್ ಕಾಲುವೆಯ ಯುದ್ಧವನ್ನು ನಿಲ್ಲಿಸಲು ವಿಶ್ವಸಂಸ್ಥೆ ತನ್ನ ಮೊದಲ ಸಶಸ್ತ್ರ ಶಾಂತಿಪಡೆಯನ್ನು ಕಟ್ಟಿತು. ಭಾರತವೂ ಅದಕ್ಕೆ ಸೈನಿಕರನ್ನು ಕೊಟ್ಟಿತು. ಆ ಪಡೆಯ ಮೊದಲ ತಂಡಗಳನ್ನು ಇಟಲಿಯ ನೇಪಲ್ಸ್‌ನಿಂದ ಈಜಿಪ್ಟಿಗೆ ಒಯ್ದದ್ದು ಸ್ವಿಸ್ಸೇರ್ ಎಂಬ ಪ್ರಯಾಣಿಕ ವಿಮಾನಸಂಸ್ಥೆ. ಅದರ ಖರ್ಚನ್ನು ಸ್ವಿಟ್ಜರ್‌ಲೆಂಡ್ ಸರಕಾರ ವಹಿಸಿಕೊಂಡಿತು. ಆಗ ಸ್ವಿಟ್ಜರ್‌ಲೆಂಡ್ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವೇ ಆಗಿರಲಿಲ್ಲ. ಅದು ಸದಸ್ಯತ್ವ ಪಡೆದದ್ದು 2002ರಲ್ಲಿ. ಯಾವ ಪಕ್ಷಕ್ಕೂ ಸೇರದವನ ಬಂಡಿಯನ್ನು ಎರಡೂ ಪಕ್ಷದವರು ಊರೊಳಗೆ ಬಿಟ್ಟುಕೊಂಡಂತಾಯಿತು.

ಕಾಂಗೋ ಕಲಿಸಿದ ಪಾಠ

1960ರಲ್ಲಿ ಬೆಲ್ಜಿಯಂನಿಂದ ಬಿಡುಗಡೆ ಹೊಂದಿದ ಕಾಂಗೋ ದೇಶ ಕೆಲವೇ ದಿನಗಳಲ್ಲಿ ಒಡೆದುಹೋಗುವ ಸ್ಥಿತಿಗೆ ಬಂದಿತು. ಗಣಿಸಂಪತ್ತಿನ ಕಟಾಂಗ ಪ್ರಾಂತ್ಯ ಬೇರೆಯಾಗುವುದಾಗಿ ಸಾರಿತು. ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಪಡೆಯನ್ನು ಅಮೆರಿಕ ಮುಂತಾದ ದೇಶಗಳ ಸಾಗಾಟದ ವಿಮಾನಗಳು ಒಯ್ದವು. ಆದರೆ ಕಟಾಂಗದ ಬಳಿ ಫೂಗಾ ಮ್ಯಾಜಿಸ್ಟರ್ ಎಂಬ ಚಿಕ್ಕ ಜೆಟ್ ವಿಮಾನ ಹಾರಾಡುತ್ತಿತ್ತು. ಅದೊಂದೇ ವಿಮಾನ ಶಾಂತಿಪಡೆಯ ತುಕಡಿಗಳನ್ನು ಕಾಡಿತು. ವಿಶ್ವಸಂಸ್ಥೆಯ ಬಳಿ ಅದನ್ನು ತಡೆಯುವ ಒಂದೂ ವಿಮಾನ ಇರಲಿಲ್ಲ.

1961ರ ಸೆಪ್ಟೆಂಬರ್ 17ರ ರಾತ್ರಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಅವರು ಸಂಧಾನಕ್ಕೆಂದು ಹೊರಟರು. ಅವರು ಕುಳಿತ ವಿಮಾನ ಸ್ವೀಡನ್ನಿನ ಟ್ರಾನ್ಸೇರ್ ಎಂಬ ಕಂಪನಿಯಿಂದ ಬಾಡಿಗೆಗೆ ಪಡೆದದ್ದು. ಶತ್ರು ಜೆಟ್ ವಿಮಾನದ ಭಯದಿಂದ ಅದು ರಾತ್ರಿಯಲ್ಲಿ, ಬಳಸುದಾರಿಯಲ್ಲಿ, ಬೆಂಗಾವಲಿಲ್ಲದೆ ಹಾರಿತು. ಅಂದಿನ ಉತ್ತರ ರೊಡೇಷ್ಯಾದ ಎನ್‌ಡೋಲಾ ಬಳಿ ಅದು ನೆಲಕ್ಕಪ್ಪಳಿಸಿ ಅದರಲ್ಲಿದ್ದ 16 ಜನರೂ ಮಡಿದರು. ಅದು ಅಪಘಾತವೋ ಆಕ್ರಮಣವೋ ಎಂಬ ವಿಷಯದಲ್ಲಿ ವಿಶ್ವಸಂಸ್ಥೆ 2015ರಿಂದೀಚೆಗೆ ಮತ್ತೆ ವಿಚಾರಣೆಯನ್ನು ಕೈಗೊಂಡಿತು. ಶಾಂತಿಯ ಸಂಸ್ಥೆಗೆ ಸ್ವಂತ ರಕ್ಷಣೆಯ ಸಾಧನವಿಲ್ಲದಿದ್ದರೆ ಆಗುವ ಹಾನಿಯನ್ನು ಜಗತ್ತು ಆ ರಾತ್ರಿ ಕಂಡಿತು.

ಆ ಮೇಲೆಯೇ ವಿಮಾನಗಳು ಬಂದವು. ಸ್ವೀಡನ್ ಮತ್ತು ಇಥಿಯೋಪಿಯಾಗಳು ಜೆಟ್ ವಿಮಾನಗಳನ್ನು ಕಳಿಸಿದವು. ಭಾರತವು ಆಗ್ರಾದಲ್ಲಿದ್ದ ತನ್ನ 5ನೆಯ ಸ್ಕ್ವಾಡ್ರನ್ನಿನ ಆರು ಕ್ಯಾನ್‌ಬೆರಾ ಬಾಂಬರ್ ವಿಮಾನಗಳನ್ನು 1961ರ ಅಕ್ಟೋಬರಿನಲ್ಲಿ ಕಳುಹಿಸಿತು. ಡಿಸೆಂಬರಿನಲ್ಲಿ ಅವು ಕೊಲ್ವೇಜಿ ವಿಮಾನ ನೆಲೆಯ ಮೇಲೆ ದಾಳಿ ಮಾಡಿ ಕಟಾಂಗದ ವಾಯುಬಲವನ್ನು ಕುಗ್ಗಿಸಿದವು. ಶಾಂತಿಗಾಗಿ ಹೋದವರು ಬಾಂಬು ಹಾಕಬಹುದೆ ಎಂಬ ಪ್ರಶ್ನೆ ಅಂದು ಎದ್ದದ್ದು ಇಂದಿಗೂ ಇಳಿದಿಲ್ಲ. ಅದನ್ನು ಸುಲಭದ ಮಾತಿನಿಂದ ಮುಚ್ಚಬಾರದು. ನೆಲದ ಮೇಲೆ ನಿಂತ ವಿಮಾನವನ್ನು ಕೆಡಿಸುವುದಕ್ಕೂ ಮನುಷ್ಯನನ್ನು ಕೊಲ್ಲುವುದಕ್ಕೂ ಅಂತರವಿದೆ ಎಂಬ ವಾದವಿದೆ. ಬಾಂಬು ಬಿದ್ದ ಕಡೆ ಮನುಷ್ಯರು ಇದ್ದೇ ಇರುತ್ತಾರೆ ಎಂಬ ಉತ್ತರವೂ ಇದೆ. ಹಿಂಸೆಯನ್ನು ಕಡಿಮೆ ಮಾಡಲೆಂದು ಮಾಡಿದ ಹಿಂಸೆಯೂ ಹಿಂಸೆಯೇ. ಅದನ್ನು ಅನಿವಾರ್ಯವೆಂದು ಒಪ್ಪಿದವರೂ ಪುಣ್ಯದ ಖಾತೆಗೆ ಬರೆಯಲಾಗದು.

ಖಾತೆಯ ಮಾತು ಬಂದಿತು. ಕಾಂಗೋ ಕಾರ್ಯಾಚರಣೆಯ ಖರ್ಚು ಏರಿದಂತೆ ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ತಮ್ಮ ಪಾಲನ್ನು ಕೊಡಲು ನಿರಾಕರಿಸಿದವು. ವಿಶ್ವಸಂಸ್ಥೆಯ ಬೊಕ್ಕಸ ಬರಿದಾಗುವ ಸ್ಥಿತಿ ಬಂದಿತು. ಪ್ರಶ್ನೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಹೋಯಿತು. 1962ರ ಜುಲೈ 20ರಂದು ಆ ನ್ಯಾಯಾಲಯ, ಸೂಯೆಜ್ ಮತ್ತು ಕಾಂಗೋ ಪಡೆಗಳ ಖರ್ಚು ಸಂಸ್ಥೆಯ ಖರ್ಚೇ ಆಗಿದೆ ಎಂದು 9 ಮತ್ತು 5ರ ಬಹುಮತದಿಂದ ಅಭಿಪ್ರಾಯ ನೀಡಿತು. ಕೂಡಿ ತೀರ್ಮಾನ ಮಾಡಿದ ಮೇಲೆ ಖರ್ಚನ್ನೂ ಕೂಡಿ ಹೊರಬೇಕೆಂಬುದು ಅದರ ತಾತ್ಪರ್ಯ. ಅಭಿಪ್ರಾಯ ಹೊರಬಿದ್ದ ಮೇಲೂ ಹಣ ಬರಲಿಲ್ಲವೆಂಬುದು ಬೇರೆ ಮಾತು.

ಅದರ ಪರಿಣಾಮವನ್ನು ಸೈಪ್ರಸ್ ದ್ವೀಪದಲ್ಲಿ ಕಾಣಬಹುದು. 1964ರಲ್ಲಿ ಅಲ್ಲಿ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ನಿಂತ ಶಾಂತಿಪಡೆಯ ಖರ್ಚನ್ನು ಕಡ್ಡಾಯ ವಂತಿಗೆಯಿಂದಲ್ಲ, ಸ್ವಯಂಪ್ರೇರಿತ ಕಾಣಿಕೆಯಿಂದ ನಡೆಸಬೇಕೆಂದು ಗೊತ್ತುಮಾಡಲಾಯಿತು. ಆ ಪಡೆಗೆ 1964ರ ಜುಲೈಯಿಂದ ತಿಮ್ಮಯ್ಯನವರೇ ನಾಯಕರು. ಮರುತಿಂಗಳೇ ತುರ್ಕಿಯ ಜೆಟ್ ವಿಮಾನಗಳು ದ್ವೀಪದ ಮೇಲೆ ದಾಳಿ ನಡೆಸಿದವು. ತಿಮ್ಮಯ್ಯನವರ ಬಳಿ ಯುದ್ಧವಿಮಾನ ಇರಲಿಲ್ಲ. ಅವರು ನಂಬಬೇಕಾದದ್ದು ಮಾತುಕತೆಯನ್ನು. 1965ರ ಡಿಸೆಂಬರ್ 18ರಂದು ಅವರು ಆ ದ್ವೀಪದಲ್ಲಿಯೇ ಕರ್ತವ್ಯದ ಮೇಲಿರುವಾಗ ತೀರಿಕೊಂಡರು. ಅವರ ಸಮಾಧಿ ಬೆಂಗಳೂರಿನಲ್ಲಿದೆ. ಸೈಪ್ರಸ್ ದೇಶ ಅವರ ಸ್ಮರಣೆಗೆ ಅಂಚೆಚೀಟಿಯನ್ನು ಹೊರಡಿಸಿತು.

ಬಾಡಿಗೆಯ ಬಗೆಗಳು

ಇಂದು ವಿಶ್ವಸಂಸ್ಥೆ ವಿಮಾನಗಳನ್ನು ಪಡೆಯುವ ಮಾರ್ಗ ಮುಖ್ಯವಾಗಿ ಎರಡು. ವ್ಯಾಪಾರಸ್ಥರಿಗೆ ಇದು ಹೊಸ ವಿಷಯವಲ್ಲ. ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರ ತನ್ನ ಒಣದ್ರಾಕ್ಷಿಯನ್ನು ತಾಸಗಾಂವ್ ಅಥವಾ ಸಾಂಗಲಿ ಪೇಟೆಗೆ ಕಳಿಸಬೇಕಾದರೆ ನೆರೆಯವನ ಲಾರಿಯನ್ನು ಖರ್ಚು ಕೊಡುವ ಕರಾರಿನ ಮೇಲೆ ಕೇಳಬಹುದು. ಇಲ್ಲವೆ ಸಾಗಾಟದ ಕಂಪನಿಗಳಿಂದ ದರ ತರಿಸಿ ಒಂದನ್ನು ಗೊತ್ತುಮಾಡಬಹುದು. ಡೀಸೆಲ್ ಯಾರದು, ಚಾಲಕನ ಭತ್ಯೆ ಯಾರದು, ದಾರಿಯಲ್ಲಿ ಗಾಲಿ ಕೆಟ್ಟರೆ ದುರಸ್ತಿ ಯಾರದು, ವಿಮೆ ಯಾರದು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದವನಿಗೆ ಕೊನೆಗೆ ಜಗಳ ತಪ್ಪದು. ಬಬಲೇಶ್ವರದ ಹೊಲದಿಂದ ಜೋಳದ ಚೀಲ ಸಾಗಿಸುವಾಗ ಇರುವ ಲೆಕ್ಕವೇ ಆಫ್ರಿಕಾದ ಮರುಭೂಮಿಯ ಮೇಲೆ ಹಾರುವ ವಿಮಾನಕ್ಕೂ ಇದೆ.

ಮೊದಲನೆಯ ಮಾರ್ಗ ಸರಕಾರಗಳಿಂದ ಸೈನಿಕ ವಿಮಾನಗಳನ್ನು ಪಡೆಯುವುದು. ಇದಕ್ಕೆ ವಿಶ್ವಸಂಸ್ಥೆಯೂ ಆ ಸರಕಾರವೂ ಒಂದು ನೆರವಿನ ಪತ್ರಕ್ಕೆ ಸಹಿ ಹಾಕುತ್ತವೆ. ಎಷ್ಟು ಹೆಲಿಕಾಪ್ಟರ್, ತಿಂಗಳಿಗೆ ಎಷ್ಟು ಗಂಟೆಗಳ ಹಾರಾಟ, ಗಂಟೆಗೆ ಏನು ದರ, ಯಾವ ಕೆಲಸಕ್ಕೆ ಬಳಸಬಹುದು, ಯಾವುದಕ್ಕೆ ಕೂಡದು ಎಂಬುದೆಲ್ಲ ಅದರಲ್ಲಿರುತ್ತದೆ. ಖರ್ಚನ್ನು ಆ ಸರಕಾರ ಮೊದಲು ಮಾಡುತ್ತದೆ, ವಿಶ್ವಸಂಸ್ಥೆ ಆ ಮೇಲೆ ತುಂಬಿಕೊಡುತ್ತದೆ. ಸದಸ್ಯ ರಾಷ್ಟ್ರಗಳು ವಂತಿಗೆ ತಡಮಾಡಿದರೆ ಈ ಮರುಪಾವತಿಯೂ ತಡವಾಗುತ್ತದೆ. ಬಲ್ಲಿದರು ಬಾಕಿ ಉಳಿಸಿಕೊಂಡ ಕಾರಣಕ್ಕೆ, ಸೈನಿಕರನ್ನೂ ಯಂತ್ರಗಳನ್ನೂ ಕೊಟ್ಟ ನಡುತರದ ದೇಶಗಳು ಕಾಯಬೇಕಾಗುತ್ತದೆ.

ಎರಡನೆಯ ಮಾರ್ಗ ಖಾಸಗಿ ಕಂಪನಿಗಳಿಂದ ಟೆಂಡರ್ ಮೂಲಕ ಬಾಡಿಗೆಗೆ ಹಿಡಿಯುವುದು. ಕಂಪನಿಯು ವಿಮಾನ, ಚಾಲಕರು, ದುರಸ್ತಿ, ವಿಮೆ ಈ ನಾಲ್ಕನ್ನೂ ಒದಗಿಸುತ್ತದೆ. ಅದಕ್ಕೆ ಕರಾರಿನ ಅವಧಿಗೆ ಒಂದು ನಿಶ್ಚಿತ ಮೊತ್ತವೂ ಹಾರಿದ ಗಂಟೆಗಳ ಮೇಲೆ ಇನ್ನೊಂದು ದರವೂ ಸಲ್ಲುತ್ತದೆ; ಇಂಧನದ ಲೆಕ್ಕ ಬಹುಮಟ್ಟಿಗೆ ಬೇರೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ಸಾಗಾಟ ವಿಮಾನಗಳೂ ನುರಿತ ಚಾಲಕರೂ ಅಗ್ಗದ ದರಕ್ಕೆ ಪೇಟೆಗೆ ಬಂದರು. ಎಂಐ-8 ಹೆಲಿಕಾಪ್ಟರ್, ಆಂಟನೋವ್ ಮತ್ತು ಇಲ್ಯೂಷಿನ್ ವಿಮಾನಗಳು ಶಾಂತಿಕಾರ್ಯದ ಬೆನ್ನೆಲುಬಾದವು. ಸುಮಾರು 20 ಟನ್ ಎತ್ತಬಲ್ಲ ಎಂಐ-26 ಹೆಲಿಕಾಪ್ಟರಿಗೆ ಸಮನಾದದ್ದು ಬೇರೆಡೆ ಇರಲಿಲ್ಲ. ವಿಮಾನ ಯಾರದ್ದೇ ಆಗಲಿ, ಅದಕ್ಕೆ ಬಿಳಿಯ ಬಣ್ಣ ಬಳಿದು ವಿಶ್ವಸಂಸ್ಥೆಯ ಹೆಸರಿನ ಕಪ್ಪು ಅಕ್ಷರ ಬರೆಯುತ್ತಾರೆ. ಕಳೆದ ದಶಕದ ಆರಂಭದಲ್ಲಿ ಇಂಥ ವಿಮಾನಗಳ ಸಂಖ್ಯೆ ಇನ್ನೂರನ್ನು ಮೀರಿತ್ತು.

ಬಣ್ಣ ಬಳಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಸೂಡಾನಿನ ಡಾರ್ಫರ್ ಪ್ರಾಂತ್ಯಕ್ಕೆ 2007ರಲ್ಲಿ ಭದ್ರತಾ ಮಂಡಳಿ ದೊಡ್ಡ ಪಡೆಯನ್ನು ಮಂಜೂರು ಮಾಡಿತು. ಅದಕ್ಕೆ 18 ಸಾಗಾಟದ ಮತ್ತು 6 ದಾಳಿಯ ಹೆಲಿಕಾಪ್ಟರ್‌ಗಳು ಬೇಕಾಗಿದ್ದವು. ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ದೇಶದೇಶಗಳನ್ನು ಕೇಳಿದರೂ ಬಹುಕಾಲ ಯಾರೂ ಕೊಡಲಿಲ್ಲ. ಕೊನೆಗೆ 2010ರಲ್ಲಿ ಐದು ದಾಳಿ ಹೆಲಿಕಾಪ್ಟರ್‌ಗಳನ್ನು ಕೊಟ್ಟದ್ದು ಇಥಿಯೋಪಿಯಾ. ಸಾವಿರಾರು ಹೆಲಿಕಾಪ್ಟರ್‌ಗಳ ಒಡೆಯರಾದ ಸಿರಿವಂತ ರಾಷ್ಟ್ರಗಳು ಠರಾವಿಗೆ ಕೈ ಎತ್ತಿದವು, ಯಂತ್ರ ಕೊಡಲಿಲ್ಲ. ಕಾಂಗೋದಲ್ಲಿ 2003ರಿಂದ ಸೇವೆ ಸಲ್ಲಿಸಿದ ಭಾರತೀಯ ವಾಯುಪಡೆಯ ಹೆಲಿಕಾಪ್ಟರ್‌ಗಳು ತಾಯ್ನಾಡಿನ ಅಗತ್ಯಕ್ಕಾಗಿ ಮರಳಿದಾಗಲೂ, 2022ರಲ್ಲಿ ಯುಕ್ರೇನ್ ತನ್ನ ಮೇಲಿನ ಯುದ್ಧದ ಕಾರಣ ತನ್ನ ಹೆಲಿಕಾಪ್ಟರ್ ದಳವನ್ನು ಅಲ್ಲಿಂದ ಹಿಂದಕ್ಕೆ ಕರೆಸಿಕೊಂಡಾಗಲೂ, ಶಾಂತಿಪಡೆಯು ಬರಿಗೈಯಾದ ಅನುಭವ ಪಡೆಯಿತು. ಕಡ ತಂದ ವಸ್ತುವಿನ ಮೇಲೆ ನಿಂತ ಮನೆಯ ಸ್ಥಿತಿ ಇದು.

ಆದರೆ ಕೊಟ್ಟವರ ಸೇವೆಯನ್ನು ಮರೆಯಲಾಗದು. ಸಿಯೆರಾ ಲಿಯೋನಿನಲ್ಲಿ 2000ನೆಯ ಇಸವಿಯ ಮೇ ತಿಂಗಳಿಂದ ಕೈಲಾಹುನ್ ಎಂಬಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯ ಶಾಂತಿಸೈನಿಕರನ್ನು ಬಂಡಾಯಗಾರರು ಸುತ್ತುಗಟ್ಟಿದ್ದರು. ಮಾತುಕತೆ ವಿಫಲವಾಗಿ ಜುಲೈ 15ರಂದು ನಡೆದ ಬಿಡುಗಡೆಯ ಕಾರ್ಯಾಚರಣೆಯಲ್ಲಿ ಭಾರತೀಯ ವಾಯುಪಡೆಯ ಹೆಲಿಕಾಪ್ಟರ್‌ಗಳೂ ಬ್ರಿಟನ್ನಿನ ಚಿನೂಕ್‌ಗಳೂ ಕೂಡಿ ದುಡಿದವು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ 1960ರ ದಶಕದಿಂದ ತಯಾರಿಸಿದ ಚೇತಕ್ ಹೆಲಿಕಾಪ್ಟರ್‌ಗಳು 1993-94ರಲ್ಲಿ ಸೊಮಾಲಿಯಾದ ಭಾರತೀಯ ಪಡೆಯ ಜೊತೆಗಿದ್ದವು. 1963ರಲ್ಲಿ ಸ್ಥಾಪನೆಯಾದ ವಿಜಯಪುರದ ಸೈನಿಕ ಶಾಲೆಯಂಥ ಸಂಸ್ಥೆಗಳಲ್ಲಿ ಬೆಳೆದ ಹುಡುಗರು ಮೂರೂ ಪಡೆಗಳಿಗೆ ಸೇರಿದ್ದಾರೆ. ಪರದೇಶದ ಶಾಂತಿಗಾಗಿ ಹಾರುವ ಕೆಲಸ ನಮ್ಮ ಮನೆಗಳಿಗೆ ದೂರದ್ದಲ್ಲ.

ಅನ್ನದ ಮೂಟೆ ಮತ್ತು ಆಕಾಶದ ಅಪ್ಪಣೆ

ಶಾಂತಿಪಡೆಯ ವಿಮಾನಗಳ ಜೊತೆಗೇ ನೆರವಿನ ವಿಮಾನಗಳ ಕಥೆಯೂ ಇದೆ. 1961ರಲ್ಲಿ ಸ್ಥಾಪಿತವಾದ ವಿಶ್ವ ಆಹಾರ ಕಾರ್ಯಕ್ರಮವು ಇಂದು ನೆರವಿನ ಸಂಸ್ಥೆಗಳಿಗೆಲ್ಲ ಸಾಮಾನ್ಯವಾದ ವಿಮಾನಸೇವೆಯನ್ನು ನಡೆಸುತ್ತದೆ. ಇದರಲ್ಲಿ ವೈದ್ಯರು, ದಾದಿಯರು, ಔಷಧಿ, ಲಸಿಕೆ ಸಾಗುತ್ತವೆ. 2022ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಪ್ರಯಾಣ ಮಾಡಿದರು. ಈ ವಿಮಾನಗಳೂ ಬಾಡಿಗೆಯವೇ. ಇಟಲಿಯ ಬ್ರಿಂಡಿಸಿ ನಗರದಲ್ಲಿ ನೆರವಿನ ಸಾಮಗ್ರಿಯ ದೊಡ್ಡ ಉಗ್ರಾಣವಿದೆ. ವಿಶ್ವಸಂಸ್ಥೆಯ ವಿಮಾನಗಳ ಓಡಾಟದ ಮೇಲೆ ಕಣ್ಣಿಡುವ ಕೇಂದ್ರವೂ ಅಲ್ಲಿಯೇ ಇದೆ.

ಆಕಾಶದಿಂದ ಧಾನ್ಯ ಬೀಳಿಸುವುದು ನೋಡುವವರಿಗೆ ಭವ್ಯವಾದ ದೃಶ್ಯ. ಲೆಕ್ಕ ಬಲ್ಲವರಿಗೆ ಅದು ಕೊನೆಯ ಉಪಾಯ. ರಸ್ತೆಯ ಮೂಲಕ ಸಾಗಿಸುವುದಕ್ಕಿಂತ ಆಕಾಶದಿಂದ ಇಳಿಸುವ ಖರ್ಚು ಏಳು ಪಟ್ಟಿನವರೆಗೆ ಆಗಬಹುದೆಂದು ಆ ಸಂಸ್ಥೆಯೇ ಹೇಳುತ್ತದೆ. ಚೀಲ ಒಡೆದು ಕಾಳು ಚೆಲ್ಲದಂತೆ ಒಂದರೊಳಗೊಂದು ಚೀಲ ಹಾಕಬೇಕು, ಬೀಳುವ ಜಾಗದಲ್ಲಿ ಜನರೂ ದನಗಳೂ ಇಲ್ಲದಂತೆ ಕಾಯಬೇಕು, ಬಿದ್ದದ್ದನ್ನು ಆಯ್ದು ಮುದುಕರಿಗೂ ವಿಧವೆಯರಿಗೂ ಸಲ್ಲುವಂತೆ ಹಂಚಲು ನೆಲದ ಮೇಲೆ ಜನರಿರಬೇಕು. ಇಷ್ಟಿಲ್ಲದಿದ್ದರೆ ಬಲಿಷ್ಠನಿಗೆ ಚೀಲ, ದುರ್ಬಲನಿಗೆ ಧೂಳು.

ಇದಕ್ಕಿಂತಲೂ ಕಠಿಣವಾದದ್ದು ಅಪ್ಪಣೆಯ ಪ್ರಶ್ನೆ. 1989ರಲ್ಲಿ ದಕ್ಷಿಣ ಸೂಡಾನಿನ ಕ್ಷಾಮಕ್ಕೆಂದು ವಿಶ್ವಸಂಸ್ಥೆಯು ಸರಕಾರ ಮತ್ತು ಬಂಡಾಯಗಾರರು ಎರಡೂ ಕಡೆಯವರನ್ನು ಒಪ್ಪಿಸಿ ನೆರವಿನ ಮಾರ್ಗ ತೆರೆಯಿತು. ಕೀನ್ಯಾದ ಲೋಕಿಚೋಗಿಯೋ ಎಂಬ ಗಡಿಯ ಊರು ಅದರ ವಿಮಾನ ನೆಲೆಯಾಯಿತು. ಆದರೆ 1998ರ ಫೆಬ್ರವರಿಯಲ್ಲಿ ಸೂಡಾನ್ ಸರಕಾರ ಬಹ್ರ್ ಎಲ್ ಘಜಾಲ್ ಪ್ರಾಂತ್ಯದ ಮೇಲೆ ಹಾರಾಟವನ್ನು ನಿಷೇಧಿಸಿತು. ವಿಮಾನಗಳಿದ್ದವು, ಧಾನ್ಯವಿತ್ತು, ಅಪ್ಪಣೆ ಇರಲಿಲ್ಲ. ಆ ವರ್ಷ ಅಲ್ಲಿ ಭೀಕರ ಕ್ಷಾಮವಾಯಿತು.

ಅಪ್ಪಣೆ ಇಲ್ಲದೆ ಹಾರಿದವರ ಅನುಭವವೂ ಇದೆ. ನೈಜೀರಿಯಾದ ಅಂತರ್ಯುದ್ಧದಲ್ಲಿ ಬಿಯಾಫ್ರಾ ಪ್ರದೇಶದ ಹಸಿದ ಮಕ್ಕಳಿಗೆಂದು ಚರ್ಚುಗಳ ಒಕ್ಕೂಟವು ಸಾಓ ತೋಮೆ ದ್ವೀಪದಿಂದ ರಾತ್ರಿವೇಳೆ ವಿಮಾನಗಳನ್ನು ಕಳಿಸಿತು. ಅಗಲಮಾಡಿದ ಒಂದು ರಸ್ತೆಯೇ ಉಲಿ ಎಂಬಲ್ಲಿ ಇಳಿದಾಣವಾಗಿತ್ತು. ಅದೇ ಇಳಿದಾಣಕ್ಕೆ ಅದೇ ಕತ್ತಲಲ್ಲಿ ಬಂದೂಕಿನ ವಿಮಾನಗಳೂ ಬರುತ್ತಿದ್ದವು. ಹಾಲಿನ ಪುಡಿಯ ವಿಮಾನ ಯಾವುದು, ಮದ್ದುಗುಂಡಿನದು ಯಾವುದು ಎಂದು ಕೆಳಗಿನವರು ಗುರುತಿಸುವಂತಿರಲಿಲ್ಲ. 1969ರ ಜೂನ್ 5ರಂದು ರೆಡ್ ಕ್ರಾಸ್ ವಿಮಾನವೊಂದನ್ನು ನೈಜೀರಿಯಾದ ವಾಯುಪಡೆ ಹೊಡೆದುರುಳಿಸಿತು. ಆ ನೆರವು ಅನೇಕ ಮಕ್ಕಳನ್ನು ಉಳಿಸಿತು ಎನ್ನುವವರಿದ್ದಾರೆ. ಯುದ್ಧವನ್ನು ಎಳೆದು ಇನ್ನಷ್ಟು ಸಾವಿಗೆ ಕಾರಣವಾಯಿತು ಎನ್ನುವವರೂ ಇದ್ದಾರೆ.

ಈ ಪ್ರಶ್ನೆ ಒಮ್ಮೆ ಕರ್ನಾಟಕದ ನೆಲದಿಂದಲೇ ಮೇಲೆದ್ದಿತು. 1987ರಲ್ಲಿ ಶ್ರೀಲಂಕಾದ ಜಾಫ್ನಾ ಪ್ರದೇಶವನ್ನು ಅಲ್ಲಿನ ಸೈನ್ಯ ಮುತ್ತಿದಾಗ ತಮಿಳು ಜನರು ಆಹಾರ, ಔಷಧಗಳಿಲ್ಲದೆ ಸಂಕಟಪಟ್ಟರು. ಜೂನ್ 3ರಂದು ಭಾರತ ಕಳಿಸಿದ ನೆರವಿನ ದೋಣಿಗಳನ್ನು ಶ್ರೀಲಂಕಾದ ನೌಕಾಪಡೆ ಹಿಂದಕ್ಕಟ್ಟಿತು. ಮರುದಿನ, ಜೂನ್ 4ರಂದು, ಬೆಂಗಳೂರಿನಿಂದ ಐದು ಎಎನ್-32 ಸಾಗಾಟ ವಿಮಾನಗಳು ಮಿರಾಜ್-2000 ಯುದ್ಧವಿಮಾನಗಳ ಕಾವಲಿನಲ್ಲಿ ಹಾರಿ ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿಯನ್ನು ಇಳಿಸಿದವು. ಪತ್ರಕರ್ತರನ್ನೂ ಕರೆದೊಯ್ಯಲಾಗಿತ್ತು. ಭಾರತದ ದೃಷ್ಟಿಯಿಂದ ಅದು ಹಸಿದವರಿಗೆ ಕೊಟ್ಟ ಅನ್ನ. ಶ್ರೀಲಂಕಾದ ದೃಷ್ಟಿಯಿಂದ ಅದು ಸಾರ್ವಭೌಮತ್ವದ ಉಲ್ಲಂಘನೆ. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ಒಂದನ್ನೇ ಹಿಡಿದು ಇನ್ನೊಂದನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ. ಒಂದು ಲಕ್ಷ ಹಸಿದ ಹೊಟ್ಟೆಗಳಿಗೆ 25 ಟನ್ ಎಂದರೆ ತಲೆಗೆ ಕಾಲು ಕಿಲೋ ಮಾತ್ರ. ಹೊಟ್ಟೆಗಿಂತ ಹೆಚ್ಚಾಗಿ ಅದು ರಾಜಕಾರಣವನ್ನು ಮುಟ್ಟಿತು. ಜುಲೈ 29ರಂದು ಎರಡೂ ದೇಶಗಳ ನಡುವೆ ಒಪ್ಪಂದವಾಯಿತು, ಭಾರತದ ಶಾಂತಿಪಡೆ ಅಲ್ಲಿಗೆ ಹೋಯಿತು. ಅದರ ಮುಂದಿನ ದುಃಖದ ಕಥೆ ಎಲ್ಲರಿಗೂ ತಿಳಿದದ್ದೇ.

ಉಡುಗೊರೆಯೂ ಅಪ್ಪಣೆಗೆ ಒಳಪಟ್ಟದ್ದೇ. ಬೆಂಗಳೂರಿನಲ್ಲಿ ತಯಾರಾದ ಧ್ರುವ್ ಹೆಲಿಕಾಪ್ಟರ್‌ಗಳನ್ನು ಭಾರತ ಮಾಲ್ದೀವ್ಸ್ ದೇಶಕ್ಕೆ ಕೊಟ್ಟಿತ್ತು. ದ್ವೀಪಗಳಿಂದ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸುವುದು ಅವುಗಳ ಮುಖ್ಯ ಸೇವೆಗಳಲ್ಲೊಂದು. ಆದರೆ ಅವುಗಳನ್ನು ನಡೆಸುತ್ತಿದ್ದ ಭಾರತೀಯ ಸೈನಿಕರು ಇರಬಾರದೆಂದು ಅಲ್ಲಿಯ ಹೊಸ ಸರಕಾರ ಹಟ ಹಿಡಿದ ಕಾರಣ, 2024ರ ಮೇ ತಿಂಗಳೊಳಗೆ ಅವರ ಸ್ಥಾನಕ್ಕೆ ಸೈನಿಕರಲ್ಲದ ಭಾರತೀಯ ತಂತ್ರಜ್ಞರು ಹೋದರು. ಪಡೆಯುವವನ ಮಾನಕ್ಕೆ ಕುಂದು ಬರುವಂತೆ ತೋರಿದರೆ ಪ್ರಾಣ ಉಳಿಸುವ ಯಂತ್ರವೂ ವಿವಾದಕ್ಕೆ ಗುರಿಯಾಗುತ್ತದೆ.

ಅದೇ ವಿಮಾನ, ಬೇರೆ ಹೊರೆ

ಎಲ್ಲಕ್ಕಿಂತಲೂ ಆತಂಕದ ಸಂಗತಿಯನ್ನು ಕೊನೆಗೆ ಹೇಳಬೇಕಾಗಿದೆ. ಅಗ್ಗದ ಬಾಡಿಗೆಯ ಸಾಗಾಟ ಕಂಪನಿಗಳಲ್ಲಿ ಕೆಲವು, ಇಂದು ವಿಶ್ವಸಂಸ್ಥೆಗಾಗಿ ಗೋಧಿ ಸಾಗಿಸಿ ನಾಳೆ ಇನ್ನಾರಿಗೋ ಬಂದೂಕು ಸಾಗಿಸುತ್ತಿದ್ದವು. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ 2009ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಕಳ್ಳ ಶಸ್ತ್ರಸಾಗಾಟದ ವರದಿಗಳಲ್ಲಿ ಹೆಸರು ಬಂದ ಸರಕು ವಿಮಾನ ಕಂಪನಿಗಳಲ್ಲಿ ನೂರಕ್ಕೆ 90ರಷ್ಟು, ನೆರವಿನ ಸಂಸ್ಥೆಗಳಿಗೆ ಅಥವಾ ಶಾಂತಿಕಾರ್ಯಗಳಿಗೆ ಇಲ್ಲವೆ ಪಾಶ್ಚಾತ್ಯ ಸರಕಾರಗಳಿಗೆ ಕೂಡ ಸೇವೆ ಒದಗಿಸಿದ್ದವೆಂದು ಅದು ತೋರಿಸಿತು. ಶಸ್ತ್ರ ಮಾರಾಟದ ಸಂಚಿಗಾಗಿ 2011ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಅಪರಾಧಿಯೆಂದು ಸಾಬೀತಾದ ವಿಕ್ತರ್ ಬೂಟ್ ಎಂಬ ರಷ್ಯನ್ ವ್ಯಾಪಾರಿಯ ವಿಮಾನಗಳು ಶಾಂತಿಸೈನಿಕರನ್ನೂ ಪರಿಹಾರ ಸಾಮಗ್ರಿಯನ್ನೂ ಹೊತ್ತಿದ್ದವೆಂಬುದು ವ್ಯಾಪಕವಾಗಿ ವರದಿಯಾಗಿದೆ.

ಇದರಲ್ಲಿ ಬಾಡಿಗೆ ಹಿಡಿದವರ ದುರುದ್ದೇಶವಿರಲಿಲ್ಲ. ಟೆಂಡರಿನ ನಿಯಮದಂತೆ ಕಡಿಮೆ ದರದವನಿಗೆ ಕೆಲಸ ಕೊಟ್ಟರು. ಜನ ಸಾಯುತ್ತಿರುವಾಗ ಕಂಪನಿಯ ಪೂರ್ವಾಪರ ಶೋಧಿಸಲು ಸಮಯವೆಲ್ಲಿ ಎಂಬ ಸಮಾಧಾನವೂ ಇತ್ತು. ಆದರೆ ನೆರವಿನ ಹಣವೇ ಆ ಕಂಪನಿಯನ್ನು ಬದುಕಿಸಿತು; ಆ ಕಂಪನಿ ಒಯ್ದ ಬಂದೂಕು ಇನ್ನೊಂದು ಊರನ್ನು ಸುಟ್ಟಿತು; ಸುಟ್ಟ ಊರಿಗೆ ಮತ್ತೆ ನೆರವು ಬೇಕಾಯಿತು. ಲಾಭನಷ್ಟದ ಪಟ್ಟಿಯಲ್ಲಿ ಕಾಣದ ನಷ್ಟವಿದು.

ಪ್ರಾಮಾಣಿಕವಾಗಿ ದುಡಿದವರ ತ್ಯಾಗವನ್ನೂ ಇದರ ಪಕ್ಕದಲ್ಲಿಯೇ ಇಟ್ಟು ನೋಡಬೇಕು. 1998ರ ಡಿಸೆಂಬರ್ 26ರಂದು ಮತ್ತು 1999ರ ಜನವರಿ 2ರಂದು ವಿಶ್ವಸಂಸ್ಥೆ ಬಾಡಿಗೆಗೆ ಪಡೆದ ಎರಡು ವಿಮಾನಗಳನ್ನು ಅಂಗೋಲಾದಲ್ಲಿ ಹೊಡೆದುರುಳಿಸಲಾಯಿತು. 2012ರ ಡಿಸೆಂಬರ್ 21ರಂದು ದಕ್ಷಿಣ ಸೂಡಾನಿನಲ್ಲಿ ಆ ದೇಶದ ಸೈನ್ಯವೇ ವಿಶ್ವಸಂಸ್ಥೆಯ ಹೆಲಿಕಾಪ್ಟರನ್ನು ಹೊಡೆದು ನಾಲ್ವರು ರಷ್ಯನ್ ಸಿಬ್ಬಂದಿಯನ್ನು ಕೊಂದಿತು. 2011ರ ಏಪ್ರಿಲ್ 4ರಂದು ಕಿನ್ಶಾಸಾದಲ್ಲಿ ವಿಶ್ವಸಂಸ್ಥೆಯ ವಿಮಾನ ಮಳೆಗಾಳಿಗೆ ಸಿಕ್ಕಿ ಅದರಲ್ಲಿದ್ದ 33 ಜನರಲ್ಲಿ 32 ಜನ ಮಡಿದರು. 2022ರ ಮಾರ್ಚ್ 29ರಂದು ಪೂರ್ವ ಕಾಂಗೋದಲ್ಲಿ ಹೆಲಿಕಾಪ್ಟರ್ ಬಿದ್ದು ಸತ್ತ ಎಂಟು ಜನರಲ್ಲಿ ಆರು ಜನ ಪಾಕಿಸ್ತಾನದ ಸೈನಿಕರು. ಬಿಳಿಯ ಬಣ್ಣ ಗುಂಡನ್ನೂ ಬಿರುಗಾಳಿಯನ್ನೂ ತಡೆಯುವುದಿಲ್ಲ.

ದಾನದ ವಿಚಾರದಲ್ಲಿ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನೂ ನೋಡಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಇತಿಹಾಸವನ್ನು ಆ ನಾಲ್ಕರ ಬೆಳಕಿನಲ್ಲಿ ನೋಡಿದರೆ, ಜಗತ್ತಿನ ರಾಷ್ಟ್ರಗಳು ಪಾತ್ರವನ್ನು, ಎಂದರೆ ಹಸಿದವನನ್ನು, ಕಂಡುಕೊಳ್ಳುವುದರಲ್ಲಿ ಅಷ್ಟಾಗಿ ತಪ್ಪಿಲ್ಲ. ತಪ್ಪಿದ್ದು ಉಳಿದ ಮೂರರಲ್ಲಿ. ಕೊರಿಯಾದಲ್ಲಿ ಪರರ ವಾಹನ ಹತ್ತಿಯೂ ತಟಸ್ಥರಾಗಿ ಉಳಿದವರು ವಿಧಿಯನ್ನು ಕಾಯ್ದರು. ಡಾರ್ಫರಿಗೆ ಕೈ ಎತ್ತಿ ಹೆಲಿಕಾಪ್ಟರ್ ಕೊಡದವರು ದಾತೃವಿನ ಧರ್ಮವನ್ನು ಮರೆತರು. ಬಂದೂಕು ಹೊತ್ತ ವಿಮಾನದಲ್ಲಿ ಗೋಧಿ ಕಳಿಸಿದವರು ದ್ರವ್ಯದ ಶುದ್ಧಿಯನ್ನು ವಿಚಾರಿಸಲಿಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳೂ ಕುಟುಂಬಗಳೂ ಬರ, ನೆರೆ, ಭೂಕಂಪಗಳ ಸಂದರ್ಭದಲ್ಲಿ ಹಣ, ಕಾಳು, ಬಟ್ಟೆಗಳನ್ನು ಕೂಡಿಸಿ ಕಳಿಸುವ ಸಂಪ್ರದಾಯ ಹಳೆಯದು. ವಿಮಾನ ಬಾಡಿಗೆಗೆ ಹಿಡಿಯುವ ಪ್ರಸಂಗ ಅವುಗಳಿಗೆ ಬರಲಾರದು. ಲಾರಿ, ಟೆಂಪೊಗಳ ಪ್ರಸಂಗ ಪ್ರತಿ ಸಲವೂ ಬರುತ್ತದೆ. ಸಾಮಗ್ರಿಯನ್ನು ಯಾರ ಮೂಲಕ ಕಳಿಸಲಾಯಿತು, ಬಾಡಿಗೆ ಎಷ್ಟಾಯಿತು, ಅದು ಪ್ರತ್ಯೇಕವಾಗಿ ಲೆಕ್ಕದಲ್ಲಿ ಬರೆಯಲ್ಪಟ್ಟಿತೆ, ಆ ಊರಿನವರನ್ನು ಮೊದಲು ಕೇಳಲಾಯಿತೆ, ಹಂಚುವಾಗ ದುರ್ಬಲರು ಹಿಂದೆ ಉಳಿದರೆ, ಸಾಗಿಸಿದವನ ಬೇರೆ ವ್ಯವಹಾರಗಳು ಎಂಥವು: ಈ ಪ್ರಶ್ನೆಗಳನ್ನು ವರ್ಷದ ಸಭೆಯಲ್ಲಿ ಕೇಳುವುದು ಅನುಮಾನದ ಲಕ್ಷಣವಲ್ಲ. ವಿಶ್ವಸಂಸ್ಥೆಯಷ್ಟು ದೊಡ್ಡ ಸಂಸ್ಥೆ ಅವನ್ನು ಕೇಳಲು ತಡಮಾಡಿದ್ದರಿಂದ ಆದ ಹಾನಿ ಮೇಲೆ ಹೇಳಿದಷ್ಟಿದೆ. ನಮ್ಮ ಸಂಸ್ಥೆಗಳು ಚಿಕ್ಕವಾದುದರಿಂದ ಅವನ್ನು ಕೇಳುವುದೂ ಉತ್ತರ ಪಡೆಯುವುದೂ ಸುಲಭ. ಬರುವ ಮಳೆಗಾಲಕ್ಕೆ ಮುಂಚೆಯೇ ಪ್ರತಿಯೊಂದು ಟ್ರಸ್ಟು ಇಂಥದೊಂದು ಪಟ್ಟಿಯನ್ನು ಬರೆದಿಟ್ಟುಕೊಂಡರೆ, ನೆರೆ ಬಂದ ದಿನ ಅವಸರದಲ್ಲಿ ತಪ್ಪುವ ಪ್ರಸಂಗ ಕಡಿಮೆಯಾದೀತು.